ಮೀಸೆ ಮಣ್ಣಾಯ್ತು ಅಂತ ಒಪ್ಪಿಕೊಂಡ ಜಟ್ಟಿ

ಇವತ್ತು ಒಂದು ಗಾದೆಯಿಂದ ಶುರು ಮಾಡ್ತೀನಿ. ನಿಮಗೆಲ್ಲ ಗೊತ್ತಿರೋದೇ: ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಸೋತ ಮೇಲೂ ಸೋಲು ಒಪ್ಪದವರನ್ನು ಕಾಲೆಳೆಯೋಕೆ ನಮ್ಮ ಹಿರಿಯರು ಕಟ್ಟಿದ ಮಾತು.

ನನ್ನದೂ ಒಂದು ಮೀಸೆ ಕಥೆ ಇದೆ. ಆಗಿನ್ನೂ ಮೀಸೆ ಬಂದಿರಲಿಲ್ಲ ಅನ್ನೋದು ಬೇರೆ ವಿಷಯ. ಮೈಸೂರಲ್ಲಿ ನಮ್ಮ ಮನೆ ಹತ್ತಿರದ ಒಂದು ಗರಡಿಗೆ ಎರಡು ವರ್ಷ ಹೋಗಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ಮಟ್ಟಿ ಅಗೆಯೋದು, ದಂಡ, ಬಸ್ಕಿ, ಆಮೇಲೆ ಜೋರು. ಒಂದು ದಸರಾ ಸಮಯದಲ್ಲಿ ಜೋಡಿ ಕಟ್ಟಿದರು. ನನಗಿಂತ ಚಿಕ್ಕ ಹುಡುಗನೊಬ್ಬ ಎರಡೇ ನಿಮಿಷದಲ್ಲಿ ನನ್ನನ್ನು ಚಿತ್ ಮಾಡಿದ. ಮನೆಗೆ ಬಂದು "ಕಾಲು ಜಾರಿತು" ಅಂದೆ. ಮರುದಿನದಿಂದ ಗರಡಿ ಕಡೆ ತಲೆ ಹಾಕಲಿಲ್ಲ. ಉಸ್ತಾದರು ದೂರದಲ್ಲಿ ಕಂಡರೆ ಪಕ್ಕದ ಬೀದಿಗೆ ತಿರುಗಿಬಿಡ್ತಿದ್ದೆ.

ಇವತ್ತಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ ಮಾಡಿದ ಒಬ್ಬ ಉಸ್ತಾದನದ್ದು. ಹೆಸರು ಡ್ಯಾನ್ ಗೇಬಲ್. ಅಮೆರಿಕದ ಐಯೊವಾ ರಾಜ್ಯದವರು, ಕಾಲೇಜು ಕುಸ್ತಿ ಕೋಚ್.

ಮೊದಲು ಅಲ್ಲಿನ ಕುಸ್ತಿ ಬಗ್ಗೆ ಎರಡು ಮಾತು. ನಮ್ಮಲ್ಲಿ ಕುಸ್ತಿ ಬೆಳೆದದ್ದು ಗರಡಿ ಮನೆಯಲ್ಲಿ, ಅರಮನೆಯ ಆಶ್ರಯದಲ್ಲಿ. ಅಮೆರಿಕದಲ್ಲಿ ಅದು ಬೇರೂರಿದ್ದು ಶಾಲೆ, ಕಾಲೇಜುಗಳಲ್ಲಿ. ಅಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ. ಅದರ ಮೊದಲ ಕುಸ್ತಿ ಚಾಂಪಿಯನ್‌ಶಿಪ್ 1928ರಲ್ಲಿ ನಡೆದದ್ದು ಐಯೊವಾದ ಏಮ್ಸ್ ಪಟ್ಟಣದಲ್ಲೇ. ಮಣ್ಣಿಲ್ಲ, ಮ್ಯಾಟ್. ನಿಯಮಗಳೂ ಒಲಿಂಪಿಕ್ಸ್‌ಗಿಂತ ಸ್ವಲ್ಪ ಬೇರೆ. ಎದುರಾಳಿಯನ್ನು ಕೆಡವಿದರೆ ಸಾಲದು, ಮೇಲೆ ಕೂತು ಹಿಡಿದಿಟ್ಟುಕೊಳ್ಳಬೇಕು. ಎಷ್ಟು ಹೊತ್ತು ಹಿಡಿದಿಟ್ಟಿರಿ ಅನ್ನೋದಕ್ಕೂ ಅಂಕ ಇದೆ.

ಗೇಬಲ್ ಹುಟ್ಟಿದ್ದು 1948ರಲ್ಲಿ, ವಾಟರ್‌ಲೂ ಅನ್ನೋ ಊರಲ್ಲಿ. 1964ರ ಮೇ ತಿಂಗಳ ಕೊನೆ. ಡ್ಯಾನ್‌ಗೆ ಹದಿನೈದು ವರ್ಷ. ಅಪ್ಪ ಅಮ್ಮನ ಜೊತೆ ಮೀನು ಹಿಡಿಯೋಕೆ ಹೋಗಿದ್ದ. ಹತ್ತೊಂಬತ್ತು ವರ್ಷದ ಅಕ್ಕ ಡಯಾನ್ ಆಮೇಲೆ ಬಂದು ಸೇರಬೇಕಿತ್ತು. ಬರಲಿಲ್ಲ. ಮನೆಯೊಳಗೇ ಅವಳ ಕೊಲೆಯಾಗಿತ್ತು. ಮಾಡಿದವನು ಅಕ್ಕಪಕ್ಕದ ಒಬ್ಬ ಹುಡುಗ. ಕೆಲವು ವಾರಗಳ ಹಿಂದೆ ಆ ಹುಡುಗ ಡಯಾನ್ ಬಗ್ಗೆ ಕೆಟ್ಟದಾಗಿ ಮಾತಾಡಿದ್ದನ್ನು ಡ್ಯಾನ್ ಕೇಳಿಸಿಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ. ಸುದ್ದಿ ತಿಳಿದು ಊರಿಗೆ ವಾಪಸ್ ಬರುವಾಗ ದಾರಿಯಲ್ಲಿ ಅಪ್ಪನಿಗೆ ಹೇಳಿದ. ಹದಿನೈದರ ಹುಡುಗ ಆ ಭಾರ ಹೊತ್ತುಕೊಂಡು ಬದುಕಬೇಕಿತ್ತು.

ಆ ಮನೆಯಲ್ಲಿ ಇರೋಕೆ ಅಪ್ಪ ಅಮ್ಮನಿಗೆ ಆಗಲಿಲ್ಲ. ಮಾರಿಬಿಡೋಣ ಅನ್ನೋ ಮಾತು ಬಂತು. ಡ್ಯಾನ್ ಒಪ್ಪಲಿಲ್ಲ. ತನ್ನ ಸಾಮಾನು ಎತ್ತಿಕೊಂಡು ಅಕ್ಕನ ರೂಮಿಗೆ ಹೋದ. ಅಲ್ಲೇ ಮಲಗೋಕೆ ಶುರು ಮಾಡಿದ. ಆ ಕುಟುಂಬ ಮನೆ ಬಿಟ್ಟು ಹೋಗಲಿಲ್ಲ.

ಅವರ ಪದಕ, ದಾಖಲೆ ಎಲ್ಲ ಆಮೇಲೆ. ನನಗೆ ಗೇಬಲ್ ಅರ್ಥವಾಗೋದು ಈ ರೂಮಿನಿಂದ. ಏಟು ಬಿದ್ದ ಜಾಗ ಬಿಟ್ಟು ಓಡಿಹೋಗೋದು ಸುಲಭ. ಅಲ್ಲೇ ಉಳಿಯೋದು ಕಷ್ಟ.

ಮುಂದೆ ಹೈಸ್ಕೂಲಲ್ಲಿ 64 ಕುಸ್ತಿ, 64 ಗೆಲುವು. ಐಯೊವಾ ಸ್ಟೇಟ್ ಯೂನಿವರ್ಸಿಟಿ ಸೇರಿ ಅಲ್ಲೂ ಸತತ 117 ಗೆಲುವು. ಒಟ್ಟು 181. ಉಳಿದಿದ್ದು ಒಂದೇ, 1970ರ ಎನ್‌ಸಿಎಎ ಫೈನಲ್. ಟಿವಿಯವರು ಅವರಿಂದ ಒಂದು ಪ್ರೋಮೊ ಶೂಟ್ ಮಾಡಿಸಿದರು. 182-0 ಅಂತ ಮುಗಿಸ್ತೀನಿ, ಬಂದು ನೋಡಿ ಅನ್ನೋ ಅರ್ಥದ ಮಾತು. ಕುಸ್ತಿಗೆ ಮೊದಲೇ ಫಲಿತಾಂಶ ಘೋಷಣೆ!

ಎದುರಿಗಿದ್ದವನು ವಾಷಿಂಗ್ಟನ್ ಯೂನಿವರ್ಸಿಟಿಯ ಲ್ಯಾರಿ ಓವಿಂಗ್ಸ್. ಇನ್ನೂ ಎರಡನೇ ವರ್ಷದ ವಿದ್ಯಾರ್ಥಿ. ಗೇಬಲ್ ಜೊತೆ ಆಡಬೇಕು ಅಂತಲೇ ತೂಕ ಇಳಿಸಿ, ಅವರ ವಿಭಾಗಕ್ಕೆ ಬಂದಿದ್ದ. ಕೊನೆಯ ನಿಮಿಷದಲ್ಲಿ ಪಟ್ಟು ಹಾಕಿ ಕೆಡವಿದ. 13-11. ಗೇಬಲ್ ಸೋತರು. ಎರಡನೇ ಸ್ಥಾನದ ಪೀಠದ ಮೇಲೆ ಅಳ್ತಾ ನಿಂತಿದ್ದ ಆ ಹುಡುಗನಿಗೆ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಕಾಲು ಜಾರಿತು, ರೆಫ್ರಿ ಸರಿ ಇರಲಿಲ್ಲ ಅಂತ ಹೇಳಬಹುದಿತ್ತು. ಗೇಬಲ್ ಐವತ್ತು ವರ್ಷದಿಂದಲೂ ಆ ಸೋಲಿನ ಬಗ್ಗೆ ತಾವೇ ಮಾತಾಡ್ತಾ ಬಂದಿದ್ದಾರೆ. ತಮ್ಮನ್ನು ಬದಲಾಯಿಸಿದ್ದೇ ಅದು ಅಂತಾರೆ. 1971ರಲ್ಲಿ ವಿಶ್ವ ಚಾಂಪಿಯನ್ ಆದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ, 68 ಕೆಜಿ ವಿಭಾಗದಲ್ಲಿ, ಮೊದಲ ಕುಸ್ತಿಯಲ್ಲೇ ತಲೆಗೆ ಏಟು ಬಿದ್ದು ಹೊಲಿಗೆ ಹಾಕಿಸಿಕೊಂಡರು. ಆದರೂ ಚಿನ್ನ ಗೆದ್ದರು. ಆರು ಕುಸ್ತಿಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕ ಕೊಡಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಇದು ಒಬ್ಬ ಪೈಲ್ವಾನನ ಕಥೆ ಅಷ್ಟೇ. ಅದೇ 1972ರಲ್ಲಿ ಅವರು ಐಯೊವಾ ಯೂನಿವರ್ಸಿಟಿಗೆ ಸಹಾಯಕ ಕೋಚ್ ಆಗಿ ಸೇರಿದರು. ಗಮನಿಸಿ, ತಾವು ಓದಿದ ಐಯೊವಾ ಸ್ಟೇಟ್ ಅಲ್ಲ, ಅದರ ಎದುರಾಳಿ ಕ್ಯಾಂಪಸ್ಸಿಗೆ. 1976ರಲ್ಲಿ ಮುಖ್ಯ ಕೋಚ್ ಆದರು. ಮೊದಲ ಸೀಸನ್‌ನಲ್ಲಿ ತಂಡಕ್ಕೆ ರಾಷ್ಟ್ರಮಟ್ಟದಲ್ಲಿ ಮೂರನೇ ಸ್ಥಾನ. ಆಮೇಲೆ 1978ರಿಂದ 1986ರವರೆಗೆ ಸತತ ಒಂಬತ್ತು ರಾಷ್ಟ್ರೀಯ ಪ್ರಶಸ್ತಿ! ನಡುವೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅಮೆರಿಕ ತಂಡದ ಕೋಚ್. ಏಳು ಚಿನ್ನ ಬಂತು. ಸೋವಿಯತ್ ಬಣ ಆ ಸಲ ಬಹಿಷ್ಕಾರ ಹಾಕಿತ್ತು ಅನ್ನೋದನ್ನೂ ಸೇರಿಸಿ ಹೇಳಬೇಕು.

1987ಕ್ಕೆ ಹತ್ತನೇ ಪ್ರಶಸ್ತಿಯ ಗುರಿ. ಹುಡುಗರ ಉಡುಪಿನ ಮೇಲೆ ದೊಡ್ಡ ಎಕ್ಸ್ ಅಕ್ಷರ ಹಾಕಿಸಿದ್ದರು. ರೋಮನ್ ಅಂಕಿಯಲ್ಲಿ ಎಕ್ಸ್ ಅಂದ್ರೆ ಹತ್ತು. 1970ರ ಪ್ರೋಮೊ ನೆನಪಾಯ್ತಾ? ಮತ್ತೆ ಅದೇ, ಕುಸ್ತಿಗೆ ಮೊದಲೇ ಘೋಷಣೆ. ಗೆದ್ದಿದ್ದು ಯಾರು ಗೊತ್ತಾ? ಐಯೊವಾ ಸ್ಟೇಟ್. ಗೇಬಲ್ ಓದಿದ ಕಾಲೇಜು.

ಆಮೇಲೆ ಇನ್ನೂ ಮೂರು ವರ್ಷ ಪ್ರಶಸ್ತಿ ಇಲ್ಲ. ಒಂಬತ್ತು ಸಲ ಗೆದ್ದ ಕೋಚ್ ಗೌರವವಾಗಿ ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. 1991ರಿಂದ 1997ರ ನಡುವೆ ಇನ್ನೂ ಆರು ಪ್ರಶಸ್ತಿ ಬಂತು. ಕೊನೆಯದು 1997ರ ಮಾರ್ಚ್‌ನಲ್ಲಿ, ವಾಟರ್‌ಲೂ ಪಕ್ಕದ ಸೀಡರ್ ಫಾಲ್ಸ್‌ನಲ್ಲಿ, ಅಂದ್ರೆ ಹುಟ್ಟೂರಿನ ಅಂಗಳದಲ್ಲೇ. ಸೊಂಟದ ಕೀಲಿನ ಆಪರೇಷನ್ ಆಗಿತ್ತು. ಊರುಗೋಲು ಹಿಡಿದು ಮ್ಯಾಟ್ ಪಕ್ಕ ಬಂದು ಕೂತರು. ತಂಡ ಗಳಿಸಿದ್ದು 170 ಅಂಕ. ಆ ದಾಖಲೆ 2024ರವರೆಗೂ ನಿಂತಿತ್ತು. ಒಟ್ಟು 21 ಸೀಸನ್, 15 ರಾಷ್ಟ್ರೀಯ ಪ್ರಶಸ್ತಿ.

ಈಗ ಈ ಕಥೆಯ ಇನ್ನೊಂದು ಮುಖ. ಇದನ್ನು ಹೇಳದಿದ್ದರೆ ನಾನೂ ಮೀಸೆ ಒರೆಸಿಕೊಂಡ ಹಾಗೆ.

ಆ ಕಾಲದ ಕಾಲೇಜು ಕುಸ್ತಿಯಲ್ಲಿ ಸೈರಣೆಗೆ ಮಿತಿಯೇ ಇರಲಿಲ್ಲ. ಹಸಿವು, ಬಾಯಾರಿಕೆ, ಬೆವರು, ಎಲ್ಲವೂ ಹೆಮ್ಮೆಯ ವಿಷಯ. ಸೌನಾ ಅಂದ್ರೆ ಬಿಸಿ ಕೋಣೆ. ಗೇಬಲ್‌ಗೆ ಅದು ತುಂಬಾ ಪ್ರಿಯವಾದ ಜಾಗ, ಹುಡುಗರ ಜೊತೆ ಅಲ್ಲೇ ಕೂತು ಮಾತಾಡೋರು. ಆದರೆ ದೇಶದ ಎಷ್ಟೋ ಕಾಲೇಜುಗಳ ಪೈಲ್ವಾನರಿಗೆ ಅದೇ ಕೋಣೆ ಒಂದೆರಡು ದಿನದಲ್ಲಿ ಕೆಜಿಗಟ್ಟಲೆ ನೀರು ಇಳಿಸೋ ಯಂತ್ರ ಆಗಿತ್ತು. ಗೇಬಲ್ ಕೊನೆಯ ಪ್ರಶಸ್ತಿ ಗೆದ್ದ ಅದೇ 1997ರ ಕೊನೆಯಲ್ಲಿ, ನವೆಂಬರ್ ಮತ್ತು ಡಿಸೆಂಬರ್ ನಡುವೆ, ಬೇರೆ ಬೇರೆ ಮೂರು ಕಾಲೇಜುಗಳ ಮೂವರು ಹುಡುಗರು ತೂಕ ಇಳಿಸೋಕೆ ಹೋಗಿ ಸತ್ತರು. ಬೆವರು ಆರದ ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು, ಬಿಸಿ ಜಾಗದಲ್ಲಿ, ನೀರು ಕುಡಿಯದೆ ವ್ಯಾಯಾಮ ಮಾಡ್ತಿದ್ದರು. 1998ರ ಜನವರಿಯಲ್ಲಿ ಎನ್‌ಸಿಎಎ ಆ ಸೂಟ್, ಸೌನಾ ಎರಡನ್ನೂ ನಿಷೇಧಿಸಿತು. ತೂಕ ನೋಡೋ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದಿತು. ಕೊನೇ ಗಳಿಗೆಯಲ್ಲಿ ನೀರು ಇಳಿಸಿದರೆ ಪಂದ್ಯಕ್ಕೆ ಮುಂಚೆ ಚೇತರಿಸಿಕೊಳ್ಳೋಕೆ ಸಮಯ ಸಿಗಬಾರದು, ಆಗ ಆ ಹುಚ್ಚಾಟಕ್ಕೆ ಯಾರೂ ಇಳಿಯಲ್ಲ ಅನ್ನೋದು ಲೆಕ್ಕ.

ಇದು ಹಳೇ ಕಥೆ ಅಂದ್ಕೋಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಜಾಸ್ತಿ ತೂಗಿ ಫೈನಲ್‌ನಿಂದ ಹೊರಬಿದ್ದ ಬೆಳಗ್ಗೆ ನಾವೆಲ್ಲ ಫೋನ್ ಹಿಡ್ಕೊಂಡು ಕೂತಿದ್ವಲ್ಲ. ಹಿಂದಿನ ರಾತ್ರಿ ಇಡೀ ಅವರು ಮಾಡಿದ್ದು ಇದೇ ಬೆವರಿನ ಲೆಕ್ಕ.

ಹಾಗಾಗಿ ಸೋಲು ಒಪ್ಪಿಕೊಳ್ಳೋದು ಪೈಲ್ವಾನನ ಕೆಲಸ ಮಾತ್ರ ಅಲ್ಲ. ಒಂದು ಆಟವೂ ತನ್ನ ತಪ್ಪು ಒಪ್ಪಿಕೊಳ್ಳಬೇಕು. ಅಮೆರಿಕದ ಕಾಲೇಜು ಕುಸ್ತಿ ಅದನ್ನು ಕಲಿತಿದ್ದು ಮೂರು ಜೀವ ಹೋದ ಮೇಲೆ.

2013ರ ಫೆಬ್ರುವರಿಯಲ್ಲಿ ಒಲಿಂಪಿಕ್ಸ್‌ನಿಂದ ಕುಸ್ತಿಯನ್ನೇ ಕೈಬಿಡೋ ಶಿಫಾರಸು ಬಂತು. ಅರವತ್ತು ದಾಟಿದ್ದ ಗೇಬಲ್ ಮತ್ತೆ ಓಡಾಡೋಕೆ ಶುರು ಮಾಡಿದರು. ಕುಸ್ತಿಯ ಜಾಗತಿಕ ಒಕ್ಕೂಟ ತನ್ನ ನಾಯಕತ್ವ, ನಿಯಮ ಎರಡನ್ನೂ ಬದಲಿಸಿತು. ಸೆಪ್ಟೆಂಬರ್‌ನಲ್ಲಿ ಕುಸ್ತಿ ವಾಪಸ್ ಬಂತು. ಅಲ್ಲೂ ಅಷ್ಟೇ. ಮೊದಲು ಒಪ್ಪಿಕೊಂಡರು, ಆಮೇಲೆ ಎದ್ದರು.

ಈ ಸಂಚಿಕೆಗೆ ತಯಾರಿ ಮಾಡ್ತಾ ಒಂದು ಭಾನುವಾರ ನಮ್ಮ ಹಳೇ ಗರಡಿಗೆ ಹೋದೆ. ಉಸ್ತಾದರಿಗೆ ವಯಸ್ಸಾಗಿದೆ. ಕಟ್ಟೆ ಮೇಲೆ ಕೂತು ಹುಡುಗರನ್ನು ನೋಡ್ತಿದ್ದರು. ಕಾಲು ಮುಟ್ಟಿ ಹೇಳಿದೆ: "ಅವತ್ತು ಕಾಲು ಜಾರಲಿಲ್ಲ ಉಸ್ತಾದ್, ನಾನು ಸೋತೆ." ಅವರಿಗೆ ಆ ಕುಸ್ತಿಯೇ ನೆನಪಿಲ್ಲ! ಯಾರ ಜೊತೆ, ಯಾವ ವರ್ಷ, ಏನೂ ಇಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಒಂದೇ ಮಾತು ಕೇಳಿದರು: "ಮರುದಿನ ಯಾಕೋ ಬರಲಿಲ್ಲ?"

ಇಷ್ಟು ವರ್ಷ ನಾನು ಬಚ್ಚಿಟ್ಟಿದ್ದ ಸೋಲು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಇದ್ದಿದ್ದು ನನ್ನ ಗೈರುಹಾಜರಿ ಮಾತ್ರ.

ಪರೀಕ್ಷೆಯೋ, ಇಂಟರ್‌ವ್ಯೂವೋ, ಪಂದ್ಯವೋ, ಈ ವಾರ ನಿಮಗೂ ಎಲ್ಲಾದರೂ ಮೀಸೆ ಮಣ್ಣಾಗಿದ್ದರೆ, ತೊಳ್ಕೊಳ್ಳಿ. ನಾಳೆ ಬೆಳಗ್ಗೆ ಅದೇ ಜಾಗಕ್ಕೆ ಹೋಗಿ.