ಏಳು ತುಂಡುಗಳ ಪಾಠ: ವಿಡಿಯೊ ಆಟ ರಚಿಸಬಯಸುವವರಿಗೆ

ವಿಡಿಯೊ ಆಟಗಳನ್ನು ನಿಮ್ಮಲ್ಲಿ ಬಹುಮಂದಿ ಆಡಿರಬಹುದು. ಅಂಥದೊಂದನ್ನು ತಾನೇ ರಚಿಸಬೇಕೆಂಬ ಆಸೆಯೂ ಕೆಲವರಲ್ಲಿ ಮೂಡಿರುತ್ತದೆ. ಆದರೆ ಅದಕ್ಕೆ ನೂರಾರು ತಂತ್ರಜ್ಞರು, ಕೋಟಿಗಟ್ಟಲೆ ಬಂಡವಾಳ, ಶಕ್ತಿಶಾಲಿ ಗಣಕ ಎಲ್ಲ ಬೇಕು ಎಂಬ ಭಾವನೆಯಿಂದ ಆಸೆ ಅಲ್ಲಿಗೇ ನಿಲ್ಲುತ್ತದೆ. ಈ ಭಾವನೆ ಎಷ್ಟು ನಿಜ? ಒಬ್ಬರೋ ಇಬ್ಬರೋ ರಚಿಸಿದ ಮೂರು ಆಟಗಳ ಚರಿತ್ರೆಯನ್ನು ನೋಡೋಣ.

ಚಿತ್ರವಿಲ್ಲದ ಪರದೆಯಲ್ಲಿ ಟೆಟ್ರಿಸ್

1984ರಲ್ಲಿ ಅಲೆಕ್ಸಿ ಪಜಿಟ್ನೋವ್ ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣನ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಅವರ ಬಳಿಯಿದ್ದ ಎಲೆಕ್ಟ್ರಾನಿಕಾ 60 ಗಣಕಕ್ಕೆ ಚಿತ್ರ ಬಿಡಿಸುವ ಸಾಮರ್ಥ್ಯವೇ ಇರಲಿಲ್ಲ. ಪರದೆಯ ಮೇಲೆ ಅಕ್ಷರಗಳು ಮತ್ತು ಚಿಹ್ನೆಗಳು ಮಾತ್ರ ಮೂಡುತ್ತಿದ್ದವು. ಪಜಿಟ್ನೋವ್ ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕಗಳನ್ನು ತೋರಿಸಿದರು.

ಐದೈದು ಚೌಕಗಳು ಕೂಡಿದ ತುಂಡುಗಳನ್ನು ಜೋಡಿಸುವ ಪೆಂಟಾಮಿನೊ ಎಂಬ ಹಳೆಯ ಒಗಟು ಅವರಿಗೆ ಪರಿಚಿತವಾಗಿತ್ತು. ತುಂಡುಗಳನ್ನು ತಿರುಗಿಸಬಹುದು, ಆದರೆ ಮಗುಚುವಂತಿಲ್ಲ ಎಂದಿಟ್ಟುಕೊಂಡರೆ ಐದು ಚೌಕಗಳಿಂದ 18 ಬಗೆಯ ತುಂಡುಗಳಾಗುತ್ತವೆ. ನಾಲ್ಕು ಚೌಕಗಳಾದರೆ 7 ಮಾತ್ರ. ಗ್ರಾಫ್ ಹಾಳೆಯ ಮೇಲೆ ನೀವೇ ಬರೆದು ಪರೀಕ್ಷಿಸಬಹುದು. ಪಜಿಟ್ನೋವ್ ಸರಳವಾದ ಏಳನ್ನೇ ಆರಿಸಿಕೊಂಡರು. ಮೇಲಿನಿಂದ ಬೀಳುವ ತುಂಡುಗಳಿಂದ ಪರದೆ ಬೇಗನೆ ತುಂಬಿ ಆಟ ಮುಗಿದುಹೋಗುತ್ತಿತ್ತು. ಆಗ ಅವರಿಗೆ ಹೊಳೆದ ಪರಿಹಾರವೆಂದರೆ, ಪೂರ್ತಿ ತುಂಬಿದ ಸಾಲನ್ನು ಅಳಿಸಿಬಿಡುವುದು. ಆಟದ ಜೀವಾಳ ಈ ಒಂದು ನಿಯಮದಲ್ಲಿದೆ. ಮೊದಲು ನಿಯಮವನ್ನು ಸರಿಪಡಿಸಿಕೊಳ್ಳಿ, ಅಲಂಕಾರ ಆಮೇಲೆ ಎಂಬುದು ಇಲ್ಲಿನ ಮೊದಲ ಪಾಠ.

22 ಕಿಲೊಬೈಟ್‌ಗಳಲ್ಲಿ ಬ್ರಹ್ಮಾಂಡ

ಅದೇ 1984ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿದ್ಯಾರ್ಥಿಗಳಾದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಬಿಬಿಸಿ ಮೈಕ್ರೊ ಗಣಕಕ್ಕಾಗಿ ‘ಎಲೀಟ್’ ಎಂಬ ಅಂತರಿಕ್ಷ ವ್ಯಾಪಾರದ ಆಟವನ್ನು ರಚಿಸಿದರು. ಅವರಿಗೆ ದೊರೆತ ಸ್ಮೃತಿಕೋಶ ಸುಮಾರು 22 ಕಿಲೊಬೈಟ್ ಮಾತ್ರ. ಇಷ್ಟರಲ್ಲೇ 8 ಗೆಲಾಕ್ಸಿಗಳು, ಪ್ರತಿಯೊಂದರಲ್ಲೂ 256ರಂತೆ ಒಟ್ಟು 2048 ಲೋಕಗಳು ಅಡಗಿದ್ದವು.

ಇದು ಹೇಗೆ ಸಾಧ್ಯವಾಯಿತು? ಅವರು ಲೋಕಗಳ ವಿವರಗಳನ್ನು ಸಂಗ್ರಹಿಸಿಡಲೇ ಇಲ್ಲ. ಕೆಲವು ಬೀಜಸಂಖ್ಯೆಗಳಿಂದ ಆರಂಭಿಸಿ, ಫಿಬೊನಾಚಿ ಶ್ರೇಣಿಯ ಮಾದರಿಯಲ್ಲಿ ಕೂಡುತ್ತಾ ಹೋಗಿ, ಬಂದ ಸಂಖ್ಯೆಗಳಿಂದ ಪ್ರತಿ ಲೋಕದ ಹೆಸರು, ಸ್ಥಾನ, ಆರ್ಥಿಕ ಸ್ಥಿತಿಗಳನ್ನು ಪಡೆದರು. ಬೀಜ ಒಂದೇ ಆಗಿದ್ದರೆ ಶ್ರೇಣಿಯೂ ಒಂದೇ. ಆದ್ದರಿಂದ ಆಟಗಾರ ಮರಳಿ ಬಂದಾಗ ಅದೇ ಲೋಕ ಕಾಣುತ್ತಿತ್ತು. ಗಣಿತದ ತರಗತಿಯಲ್ಲಿ ಶ್ರೇಣಿಗಳನ್ನು ಕಲಿಸುವ ಶಿಕ್ಷಕರಿಗೆ ಇದೊಂದು ಉತ್ತಮ ಉದಾಹರಣೆ.

ಐದು ವರ್ಷಗಳ ತಾಳ್ಮೆ

ಮೂರನೆಯ ಉದಾಹರಣೆ ಜಪಾನಿನದು. ದೈಸುಕೆ ಅಮಾಯಾ ‘ಕೇವ್ ಸ್ಟೋರಿ’ ಎಂಬ ಆಟದ ಕಥೆ, ಚಿತ್ರ, ಸಂಗೀತ, ಕ್ರಮವಿಧಿ ಎಲ್ಲವನ್ನೂ ಬಿಡುವಿನ ವೇಳೆಯಲ್ಲಿ ಒಬ್ಬರೇ ರಚಿಸಿದರು. ಸುಮಾರು ಐದು ವರ್ಷಗಳ ಶ್ರಮದ ನಂತರ 2004ರ ಡಿಸೆಂಬರಿನಲ್ಲಿ ಅದನ್ನು ಉಚಿತವಾಗಿ ಹಂಚಿದರು. ಕೆಲಸ ಆರಂಭಿಸುವವರು ಅನೇಕರು, ಮುಗಿಸುವವರು ವಿರಳ. ನಿಮ್ಮ ಮೊದಲ ಆಟಕ್ಕೆ ಐದು ವರ್ಷ ಬೇಡ, ಎರಡು ವಾರಗಳಲ್ಲಿ ಮುಗಿಯುವಷ್ಟು ಚಿಕ್ಕದನ್ನು ಆರಿಸಿಕೊಳ್ಳಿ.

ಹಕ್ಕು ಯಾರದು?

ಟೆಟ್ರಿಸ್ ಕಥೆಗೆ ಇನ್ನೊಂದು ಮುಖವಿದೆ. ಗೆಳೆಯ ಡಿಮಿಟ್ರಿ ಪಾವ್ಲೊವ್‌ಸ್ಕಿ ಮತ್ತು ಶಾಲಾ ವಿದ್ಯಾರ್ಥಿ ವಾದಿಮ್ ಗೆರಾಸಿಮೊವ್ ಅವರ ನೆರವಿನಿಂದ ಅದು ಐಬಿಎಂ ಪಿಸಿಗೆ ಬಂದು, ಫ್ಲಾಪಿಗಳ ಮೂಲಕ ಕೈಯಿಂದ ಕೈಗೆ ಹರಡಿತು. 1989ರಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಯಂತ್ರದೊಂದಿಗೆ ಕೋಟಿಗಟ್ಟಲೆ ಜನರನ್ನು ತಲಪಿತು. ಆದರೆ ಪಜಿಟ್ನೋವ್ ಹಕ್ಕುಗಳನ್ನು ಹತ್ತು ವರ್ಷಗಳ ಕಾಲ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದರು. ಗೌರವಧನ ಅವರ ಕೈಸೇರತೊಡಗಿದ್ದು 1996ರ ನಂತರವೇ. ಆದ್ದರಿಂದ ನೀವು ಯಾರೊಡನಾದರೂ ಸೇರಿ ಆಟ ರಚಿಸುವಾಗ ಯಾವುದರ ಹಕ್ಕು ಯಾರಿಗೆ ಎಂಬುದನ್ನು ಮೊದಲೇ ಬರೆದಿಡಿ. ಇತರರ ಚಿತ್ರ, ಸಂಗೀತಗಳನ್ನು ಬಳಸುವ ಮುನ್ನ ಅವುಗಳ ಪರವಾನಗಿಯನ್ನು ಓದಿ.

ನೀವು ಎಲ್ಲಿಂದ ಆರಂಭಿಸಬೇಕು?

ಸಲಕರಣೆಗಳಿಗೆ ಇಂದು ಹಣ ಬೇಕಿಲ್ಲ. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡು 2007ರಲ್ಲಿ ಬಿಡುಗಡೆಯಾದ ಸ್ಕ್ರ್ಯಾಚ್ ಶಾಲಾ ಮಕ್ಕಳಿಗೆ ಸೂಕ್ತ. ಪೈಥಾನ್ ಬಲ್ಲವರಿಗೆ ಪೈಗೇಮ್ ಇದೆ. ಮುಂದುವರಿದವರಿಗೆ 2014ರಲ್ಲಿ ಮುಕ್ತ ತಂತ್ರಾಂಶವಾದ ಗೊಡೊ, ಮೂರು ಆಯಾಮದ ಚಿತ್ರಗಳಿಗೆ 2002ರಿಂದ ಮುಕ್ತವಾಗಿರುವ ಬ್ಲೆಂಡರ್ ಇವೆ.

ಮೊದಲ ಅಭ್ಯಾಸಕ್ಕೆ ನಿಯಮ ಗೊತ್ತಿರುವ ಆಟವೇ ಲೇಸು. ನಮ್ಮ ಅಳಗುಳಿಮಣೆಯನ್ನೇ ನೋಡಿ: ಎರಡು ಸಾಲು, ಸಾಲಿಗೆ ಏಳು ಗುಳಿ. ಗಣಕದ ದೃಷ್ಟಿಯಲ್ಲಿ ಇದು 14 ಸಂಖ್ಯೆಗಳ ಒಂದು ಪಟ್ಟಿ, ಅಷ್ಟೆ. ಒಂದು ಗುಳಿಯ ಕಾಳುಗಳನ್ನು ಹಂಚುವುದೆಂದರೆ ಆ ಸಂಖ್ಯೆಯನ್ನು ಸೊನ್ನೆ ಮಾಡಿ, ಮುಂದಿನವುಗಳಿಗೆ ಒಂದೊಂದನ್ನು ಕೂಡುತ್ತಾ ಹೋಗುವುದು. ಚಿತ್ರವಿಲ್ಲದೆ, ಬರಿಯ ಅಂಕಿಗಳಿಂದಲೇ ಇದನ್ನು ಆಡಿಸಬಹುದು. ಬರೆದು ಮುಗಿಸಿದ ಮೇಲೆ ಗೆಳೆಯರ ಕೈಗೆ ಕೊಟ್ಟು, ನೀವು ಏನನ್ನೂ ಹೇಳದೆ ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ನಿಮ್ಮ ಆಟವನ್ನು, ಅವರನ್ನಲ್ಲ.