ನಾಯಿಗೆ ಚುಚ್ಚದ ಸೂಜಿ

ಆವತ್ತು ಭಾನುವಾರ. ಬೋಂಡನನ್ನು ವಾಕಿಂಗಿಗೆ ಅಂತ ಕೆಳಗೆ ಕರ್ಕೊಂಡು ಬಂದಿದ್ದೆ. ಮೂರನೇ ಮಹಡಿಯ ಆರು ವರ್ಷದ ಹುಡುಗಿ ಓಡಿ ಬಂದು ಅವನನ್ನು ತಬ್ಬಿಕೊಂಡಳು. ಅವನೂ ಖುಷಿಯಲ್ಲಿ ಎಗರಿದ. ಅಷ್ಟೇ. ಹುಡುಗಿಯ ಮುಂಗೈ ಮೇಲೆ ಉಗುರಿನ ಎರಡು ಗೆರೆ. ರಕ್ತ ಬರಲಿಲ್ಲ, ಚರ್ಮ ಸ್ವಲ್ಪ ತರಚಿತ್ತು. ನಲ್ಲಿ ಕೆಳಗೆ ಕೈ ಹಿಡಿಸಿ ಕಾಲು ಗಂಟೆ ಸೋಪು ಹಾಕಿ ತೊಳೆದೆವು. ಅವಳಮ್ಮ ಗಾಬರಿಯನ್ನು ತಡ್ಕೊಂಡು ಕೇಳಿದ್ರು, "ನಿಮ್ ನಾಯಿಗೆ ವ್ಯಾಕ್ಸಿನ್ ಎಲ್ಲಾ ಆಗಿದೆ ಅಲ್ವಾ?"

"ಆಗಿದೆ" ಅಂದೆ. ಒಂದು ಕ್ಷಣವೂ ಯೋಚನೆ ಮಾಡಲಿಲ್ಲ.

ಮನೆಗೆ ಬಂದು ಬೋಂಡನ ಕಾರ್ಡ್ ತೆಗೆದು ನೋಡಿದರೆ, ರೇಬೀಸ್ ಬೂಸ್ಟರಿನ ದಿನಾಂಕ ದಾಟಿ ಐದು ತಿಂಗಳಾಗಿತ್ತು. ಕ್ಲಿನಿಕ್ಕಿನವರು ಕಳಿಸಿದ್ದ ಮೆಸೇಜು ವಾಟ್ಸಾಪಿನಲ್ಲಿ ಹಾಗೇ ಬಿದ್ದಿತ್ತು. ನಾನು ಓದಿದ್ದೆ ಕೂಡ. ಆಫೀಸಿನಲ್ಲಿ ರಿಲೀಸ್ ಇತ್ತು, ಮುಂದಿನ ವಾರ ನೋಡೋಣ ಅಂದ್ಕೊಂಡಿದ್ದೆ.

ಮತ್ತೆ ಮೂರನೇ ಮಹಡಿಗೆ ಹೋಗಿ ನಿಜ ಹೇಳಿದೆ. ಎಲ್ಲರೂ ಸೇರಿ ಡಾಕ್ಟರ ಹತ್ತಿರ ಹೋದೆವು. ನಾಯಿಗೆ ಲಸಿಕೆ ಆಗಿದ್ದರೂ ಇಂಥ ಹೊತ್ತಲ್ಲಿ ಡಾಕ್ಟರನ್ನು ಕೇಳಲೇಬೇಕು, ಅದು ಬೇರೆ ಮಾತು. ಆದರೆ ನಮ್ಮ ಕಾರ್ಡ್ ನೋಡಿದ ಮೇಲೆ ಅವರು ಎರಡನೇ ಯೋಚನೆ ಮಾಡಲಿಲ್ಲ. ಹುಡುಗಿಯ ತೋಳಿಗೆ ಮೊದಲ ಇಂಜೆಕ್ಷನ್ ಆವತ್ತೇ. ಮೂರನೇ ದಿನ ಮತ್ತೊಂದು, ಏಳನೇ ದಿನ ಇನ್ನೊಂದು, ಆಮೇಲಿನದು ನೋಡೋಣ ಅಂದರು. "ನಾಯಿಯನ್ನ ಹತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ" ಅಂತ ನನಗೆ ಹೇಳಿದರು. ಹುಚ್ಚು ಹಿಡಿದ ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವ ಹೊತ್ತಿಗೆ ಅದರ ಸಾವೂ ಹತ್ತಿರ ಬಂದಿರುತ್ತದೆ. ಹತ್ತು ದಿನ ಆರಾಮಾಗಿದ್ದರೆ ಆವತ್ತು ಅದಕ್ಕೆ ರೋಗ ಇರಲಿಲ್ಲ ಅಂತ ಲೆಕ್ಕ.

ಆವತ್ತು ರಾತ್ರಿ ಊರಿಂದ ಅಮ್ಮ ಫೋನ್ ಮಾಡಿದಾಗ ಎಲ್ಲ ಹೇಳ್ಕೊಂಡೆ. ಆಕೆಗೆ ಮೊದಲು ನೆನಪಾಗಿದ್ದು ಮಾವ. "ನಿಮ್ಮಾವಂಗೆ ಹೊಕ್ಕಳ ಸುತ್ತ ಹದಿನಾಲ್ಕು ಹಾಕಿದ್ರು ಕಣೇ. ದಿನಾ ಬಸ್ಸಲ್ಲಿ ತಾಲ್ಲೂಕಾಸ್ಪತ್ರೆಗೆ. ಹೊಟ್ಟೆ ಊದಿಕೊಂಡು ಮಲಗೋಕೂ ಆಗ್ತಿರ್ಲಿಲ್ಲ." ಎಂಬತ್ತರ ದಶಕದ ಕಥೆ ಅದು. ಮಾವ ಬದುಕಿದರು. ಕಚ್ಚಿದ ನಾಯಿಯನ್ನು ಊರವರು ಹೊಡೆದು ಹಾಕಿದರು. ಜೊತೆಗೆ ಅದರ ಹಿಂದೆ ತಿರುಗುತ್ತಿದ್ದ ಇನ್ನೆರಡು ನಾಯಿಗಳನ್ನೂ.

"ಆಗ ನಾಯಿಗೆ ಇಂಜೆಕ್ಷನ್ ಹಾಕಿಸ್ತಿರ್ಲಿಲ್ವಾ?" ಅಂದೆ.

"ನಾಯಿಗಾ? ಮನುಷ್ಯರಿಗೇ ಸಿಗ್ತಿರ್ಲಿಲ್ಲ, ನಾಯಿಗೆ ಯಾರ್ ಹಾಕಿಸ್ತಾರೆ?"

ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಕಚ್ಚುವುದು ನಾಯಿ, ರೋಗ ಇರುವುದು ನಾಯಿಯಲ್ಲಿ, ಸೂಜಿ ಮಾತ್ರ ಮನುಷ್ಯನ ಹೊಟ್ಟೆಗೆ. ಯಾಕೆ ಹೀಗಾಯ್ತು? ಬೋಂಡನನ್ನು ಕಾಯುತ್ತಾ ಕೂತ ಹತ್ತು ರಾತ್ರಿ ನಾನು ಓದಿದ್ದು ಇದನ್ನೇ.

ಆಶ್ಚರ್ಯ ಅಂದ್ರೆ, ಈ ಲಸಿಕೆ ಮೊದಲು ಹುಟ್ಟಿದ್ದು ನಾಯಿಗಾಗಿಯೇ. ಲೂಯಿ ಪಾಶ್ಚರ್ 1884ರಲ್ಲಿ ಪ್ಯಾರಿಸಿನಲ್ಲಿ ಸರ್ಕಾರಿ ಸಮಿತಿಯೊಂದರ ಎದುರು ತೋರಿಸಿದ್ದು ಲಸಿಕೆ ಹಾಕಿದ ನಾಯಿಗಳನ್ನು. ಹುಚ್ಚು ನಾಯಿ ಕಚ್ಚಿದರೂ ಅವುಗಳಿಗೆ ರೋಗ ಬರಲಿಲ್ಲ. ಹಾಗಿದ್ದರೆ ಊರಿನ ನಾಯಿಗಳಿಗೆಲ್ಲ ಹಾಕಿಬಿಡಬಹುದಲ್ಲ? ಈ ಯೋಚನೆ ಪಾಶ್ಚರನಿಗೂ ಬಂದಿತ್ತು. ಅವನು ಲೆಕ್ಕ ಹಾಕಿ ನೋಡಿದ. ಪ್ಯಾರಿಸಿನಲ್ಲೇ ಒಂದು ಲಕ್ಷಕ್ಕೂ ಹೆಚ್ಚು ನಾಯಿ, ಉಳಿದ ಫ್ರಾನ್ಸಿನಲ್ಲಿ ಸುಮಾರು 25 ಲಕ್ಷ. ಒಂದೊಂದು ನಾಯಿಗೂ ಹಲವು ಸಲ ಚುಚ್ಚಬೇಕು. ಲಸಿಕೆ ತಯಾರಾಗುವುದು ರೋಗ ಹತ್ತಿಸಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ. ಅಷ್ಟು ಮೊಲ ಎಲ್ಲಿಂದ ತರೋದು? ಅಷ್ಟು ಕೈಗಳು ಎಲ್ಲಿಂದ?

ಲೆಕ್ಕ ಕೂಡಿಬರಲಿಲ್ಲ. ಹಾಗಾಗಿ ಪಾಶ್ಚರ್ ಪ್ರಶ್ನೆಯನ್ನೇ ತಿರುಗಿಸಿದ. ಈ ರೋಗ ಕಚ್ಚಿದ ತಕ್ಷಣ ಬರೋದಿಲ್ಲ. ವೈರಸ್ ನರದ ದಾರಿ ಹಿಡಿದು ನಿಧಾನಕ್ಕೆ ಮಿದುಳಿಗೆ ಹೋಗುತ್ತದೆ. ವಾರಗಳು, ತಿಂಗಳುಗಳೇ ಹಿಡಿಯಬಹುದು. ಆ ಸಮಯದಲ್ಲಿ ಕಚ್ಚಿಸಿಕೊಂಡವನಿಗೇ ಲಸಿಕೆ ಕೊಟ್ಟರೆ? 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಸೂಜಿ ಬಿತ್ತು. ಒಟ್ಟು 13 ಇಂಜೆಕ್ಷನ್. ಹುಡುಗ ಬದುಕಿದ. ಜಗತ್ತೇ ಕುಣಿದಾಡಿತು. ನಾಯಿಯ ಮೂಲ ಯೋಜನೆ ಮಾತ್ರ ಮೂಲೆಗೆ ಬಿತ್ತು.

ನಮ್ಮಲ್ಲಿಗೆ ಬಂದಿದ್ದು ಈ ಎರಡನೇ ಯೋಜನೆ. 1900ರಲ್ಲಿ ಹಿಮಾಚಲದ ಕಸೌಲಿಯಲ್ಲಿ ಪಾಶ್ಚರ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ದಕ್ಷಿಣದಲ್ಲಿ ಏನೂ ಇರಲಿಲ್ಲ. 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಶ್ ಎಂಬ ಯುವತಿ ಹುಚ್ಚು ನಾಯಿ ಕಚ್ಚಿ ತೀರಿಕೊಂಡಳು. ಆ ಸಾವಿನ ನಂತರ ದಕ್ಷಿಣಕ್ಕೂ ಒಂದು ಸಂಸ್ಥೆ ಬೇಕು ಎಂಬ ಕೂಗು ಎದ್ದಿತು. ಅಮೆರಿಕದ ಉಕ್ಕಿನ ಶ್ರೀಮಂತ ಹೆನ್ರಿ ಫಿಪ್ಸ್ ಕೊಟ್ಟಿದ್ದ ದೇಣಿಗೆ ಒದಗಿ ಬಂತು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬಾಗಿಲು ತೆರೆಯಿತು. ನಾವು ವೀಕೆಂಡಿಗೆ ಊಟಿಗೆ ಹೋಗುವಾಗ ಚಹಾ ತೋಟದ ಫೋಟೋ ಹಿಡಿಯುತ್ತಾ ದಾಟುತ್ತೇವಲ್ಲ, ಅದೇ ಕೂನೂರು. ಕಚ್ಚಿಸಿಕೊಂಡವರು ಜೀವ ಕೈಯಲ್ಲಿ ಹಿಡ್ಕೊಂಡು ಆ ಬೆಟ್ಟ ಹತ್ತಬೇಕಿತ್ತು.

ಆ ಬೆಟ್ಟ ಹತ್ತುವ ಕಷ್ಟ ತಪ್ಪಿಸಿದ್ದು ಡೇವಿಡ್ ಸೆಂಪಲ್. ಕಸೌಲಿಯಲ್ಲಿದ್ದ ಈ ವೈದ್ಯ 1911ರಲ್ಲಿ ಫಿನಾಲ್ ಹಾಕಿ ವೈರಸ್ಸನ್ನು ಸಾಯಿಸಿದ ಲಸಿಕೆ ಮಾಡಿದ. ಇದನ್ನು ಬಾಟಲಿಯಲ್ಲಿ ತುಂಬಿ ಊರೂರಿಗೆ ಕಳಿಸಬಹುದಿತ್ತು. ತಾಲ್ಲೂಕಾಸ್ಪತ್ರೆಯವರೆಗೂ ಚಿಕಿತ್ಸೆ ಬಂದಿದ್ದು ಹೀಗೆ. ಅದು ದೊಡ್ಡ ಉಪಕಾರವೇ. ಆದರೆ ಆ ಲಸಿಕೆ ತಯಾರಾಗುತ್ತಿದ್ದುದು ಕುರಿಯ ಮಿದುಳಿನಿಂದ. ಹೊಟ್ಟೆಯ ಚರ್ಮದಡಿ ದಿನಕ್ಕೊಂದರಂತೆ ಚುಚ್ಚಬೇಕು. ಮಿದುಳಿನ ಅಂಶ ದೇಹಕ್ಕೆ ಹೋಗುತ್ತಿದ್ದುದರಿಂದ ಕೆಲವರಿಗೆ ಆ ಲಸಿಕೆಯಿಂದಲೇ ಪಾರ್ಶ್ವವಾಯು ಹೊಡೆದದ್ದೂ ಇದೆ. ಮಾವನಿಗೆ ಬಿದ್ದದ್ದು ಇದೇ. ಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ ಬಂದ ಎಷ್ಟೋ ವರ್ಷದ ಮೇಲೂ ನಮ್ಮಲ್ಲಿ ಸೆಂಪಲ್ ಲಸಿಕೆ ನಡೆಯುತ್ತಲೇ ಇತ್ತು. ಅದರ ತಯಾರಿಕೆ ನಿಂತಿದ್ದು 2004ರ ಕೊನೆಗೆ. ಅಂದ್ರೆ ನಮ್ಮಲ್ಲಿ ಹಲವರು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ.

ಈಗ ಇನ್ನೊಂದು ಕಡೆ ನೋಡಿ. ನಮಗೆ ಕಸೌಲಿ, ಕೂನೂರು ಕಟ್ಟಿಕೊಟ್ಟ ಬ್ರಿಟಿಷರು ತಮ್ಮ ಮನೆಯಲ್ಲಿ ಮಾಡಿದ್ದು ಬೇರೆಯೇ. ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂಥದ್ದನ್ನು ನಾಯಿಗಳ ಬಾಯಿಗೆ ಕಟ್ಟಿಸಿದರು. ಹೊರದೇಶದಿಂದ ಬರುವ ನಾಯಿಯನ್ನು ತಿಂಗಳುಗಟ್ಟಲೆ ಪ್ರತ್ಯೇಕ ಇರಿಸಿದರು. 1902ರ ಹೊತ್ತಿಗೆ ಅವರ ದ್ವೀಪದಲ್ಲಿ ರೇಬೀಸ್ ಇರಲಿಲ್ಲ. ಮುಂದೆ ಮೊದಲ ಮಹಾಯುದ್ಧ ಮುಗಿಯುವಾಗ ಮತ್ತೆ ನುಸುಳಿದಾಗಲೂ ಹೀಗೇ ಓಡಿಸಿದರು. ಲಸಿಕೆ ಇಲ್ಲದೆಯೂ ಅವರಿಗೆ ಒಂದು ವಿಷಯ ಗೊತ್ತಿತ್ತು. ರೋಗವನ್ನು ತಡೆಯಬೇಕಾದದ್ದು ನಾಯಿಯಲ್ಲಿ.

ಪಾಶ್ಚರ್ ಕೈಬಿಟ್ಟ ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡವರು ಜಪಾನಿನವರು. ಉಮೆನೊ ಮತ್ತು ದೋಯಿ ಎಂಬ ಇಬ್ಬರು ಒಂದೇ ಸಲ ಚುಚ್ಚಿದರೆ ಸಾಕಾಗುವ ನಾಯಿ ಲಸಿಕೆಯ ಬಗ್ಗೆ 1921ರಲ್ಲಿ ಪ್ರಕಟಿಸಿದರು. 1948ರಲ್ಲಿ ಅಮೆರಿಕದಲ್ಲಿ ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ವೈರಸ್ ಬೆಳೆಸುವ ದಾರಿ ಸಿಕ್ಕಿತು. ಮೊಲವೂ ಬೇಡ, ಕುರಿಯ ಮಿದುಳೂ ಬೇಡ. 1950ರಲ್ಲಿ ಜಪಾನ್ ಕಾನೂನೇ ತಂದಿತು. ಸಾಕಿದ ಪ್ರತಿ ನಾಯಿಯ ನೋಂದಣಿ ಆಗಬೇಕು, ಲಸಿಕೆ ಆಗಬೇಕು. ಬೀದಿ ನಾಯಿಗಳನ್ನು ಹಿಡಿದು ಸಾಗಹಾಕಿದ್ದೂ ಅದರ ಭಾಗವೇ, ಅದನ್ನು ಮುಚ್ಚಿಡಬೇಕಿಲ್ಲ. ಏಳು ವರ್ಷದಲ್ಲಿ ರೋಗ ಮುಗಿಯಿತು. 1957ರಲ್ಲಿ ಅಲ್ಲಿ ಕೊನೆಯದಾಗಿ ರೇಬೀಸ್ ಕಂಡದ್ದು ನಾಯಿಯಲ್ಲಲ್ಲ, ಒಂದು ಬೆಕ್ಕಿನಲ್ಲಿ. "ನಮ್ದು ಮನೆಯೊಳಗಿನ ಬೆಕ್ಕು, ಅದಕ್ಯಾಕೆ ಇಂಜೆಕ್ಷನ್" ಅನ್ನುವ ಗೆಳೆಯರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು. ಬಾಲ್ಕನಿ ಬಾಗಿಲು ಯಾವತ್ತೋ ಒಂದು ದಿನ ತೆರೆದಿರುತ್ತದೆ.

ಬೋಂಡನ ಕಾರ್ಡಿನಲ್ಲಿ ರೇಬೀಸ್ ಅಲ್ಲದೆ ಇನ್ನೊಂದು ಸಾಲಿದೆ: ಡಿ-ಎಚ್-ಪಿ-ಪಿ-ಐ. ಇದಕ್ಕೂ ಇತಿಹಾಸ ಇದೆ. 'ಡಿ' ಅಂದ್ರೆ ಡಿಸ್ಟೆಂಪರ್. ಅದಕ್ಕೆ ಕಾರಣ ವೈರಸ್ ಅಂತ 1905ರಲ್ಲಿ ತೋರಿಸಿದ್ದು ಫ್ರಾನ್ಸಿನ ಆನ್ರಿ ಕಾರೆ. 1920ರ ದಶಕದಲ್ಲಿ ಇಂಗ್ಲೆಂಡಿನ 'ದಿ ಫೀಲ್ಡ್' ಪತ್ರಿಕೆ ಓದುಗರಿಂದ ಚಂದಾ ಎತ್ತಿ ಇದರ ಸಂಶೋಧನೆಗೆ ಹಣ ಕೊಟ್ಟಿತು. ಲೇಯ್ಡ್‌ಲಾ ಮತ್ತು ಡಂಕಿನ್ ಲಸಿಕೆ ಮಾಡಿದರು. ಅದಕ್ಕಾಗಿ ಅವರು ಸಾಕಿದ್ದು ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯನ್ನು. 1933ರಲ್ಲಿ ಮನುಷ್ಯನ ಫ್ಲೂ ವೈರಸ್ ಮೊದಲ ಸಲ ಸಿಕ್ಕಿದ್ದೂ ಅದೇ ಲ್ಯಾಬಿನ ಫೆರೆಟ್‌ಗಳಿಂದಲೇ. ನಾಯಿಗಾಗಿ ಎತ್ತಿದ ಚಂದಾ ಕೊನೆಗೆ ನಮಗೂ ಕೆಲಸಕ್ಕೆ ಬಂತು. ಇನ್ನು 'ಪಿ' ಅಂದ್ರೆ ಪಾರ್ವೊ. ಇದು 1978ರಲ್ಲಿ ದಿಢೀರಂತ ಜಗತ್ತಿನ ತುಂಬ ಹರಡಿ ಮರಿಗಳನ್ನು ಕೊಂದ ರೋಗ. ಅದರ ಲಸಿಕೆ ಸಿದ್ಧವಾಗುವ ತನಕ ಪಶುವೈದ್ಯರು ನಾಯಿಗಳಿಗೆ ಬೆಕ್ಕಿನ ಲಸಿಕೆಯನ್ನೇ ಕೊಟ್ಟು ನಿಭಾಯಿಸಿದರು. ಬೆಕ್ಕಿಗೆ ಬರುವ ಪ್ಯಾನ್‌ಲ್ಯೂಕೋಪೀನಿಯಾದ ವೈರಸ್ ಇದರ ಹತ್ತಿರದ ನೆಂಟ. ಈ ಸಾಲಿನ ಲಸಿಕೆಗಳು ಮುಖ್ಯವಾಗಿ ಪ್ರಾಣಿಯನ್ನು ಉಳಿಸುತ್ತವೆ. ರೇಬೀಸಿನ ಸಾಲು ಮಾತ್ರ ಪ್ರಾಣಿಯನ್ನೂ ಉಳಿಸುತ್ತದೆ, ಅದರ ಎದುರು ಬಂದ ಮನುಷ್ಯನನ್ನೂ ಉಳಿಸುತ್ತದೆ. ನಾನು ಮರೆತಿದ್ದು ಅದೇ ಸಾಲನ್ನು.

ಮತ್ತೆ ನಮ್ಮ ಊರಿಗೆ ಬರೋಣ. 2003ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯೊಂದು ದೇಶದಲ್ಲಿ ವರ್ಷಕ್ಕೆ 20,565 ಜನ ರೇಬೀಸಿನಿಂದ ಸಾಯುತ್ತಾರೆ ಅಂತ ಅಂದಾಜು ಮಾಡಿತು. ಅದನ್ನು ನಡೆಸಿದ್ದು ಬೆಂಗಳೂರಿನಲ್ಲಿ ನೆಲೆ ಇರುವ ರೇಬೀಸ್ ತಡೆ ಸಂಘ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ. ಇಷ್ಟು ಜನ ಸಾಯುತ್ತಿದ್ದದ್ದು ನಮ್ಮಲ್ಲಿ ಲಸಿಕೆ ಬಂದು ನೂರು ವರ್ಷ ಆದಮೇಲೆ. ಮನುಷ್ಯನಿಗೆ ಎಷ್ಟೇ ಚುಚ್ಚಿದರೂ ರೋಗದ ಬೇರು ನಾಯಿಯಲ್ಲಿ ಹಾಗೇ ಉಳಿದಿರುತ್ತದೆ. ಆಸ್ಪತ್ರೆ ತಲುಪಲಾಗದವನು, ತರಚು ಗಾಯ ಅಂತ ಸುಮ್ಮನಿದ್ದವನು, ಮನೆಯಲ್ಲಿ ಹೇಳಲು ಹೆದರಿದ ಮಗು ಸಾಯುತ್ತಲೇ ಇರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಸರಳ. ಒಂದು ಊರಿನ 100 ನಾಯಿಗಳಲ್ಲಿ 70ಕ್ಕೆ ಲಸಿಕೆ ಆಗಿದ್ದರೆ ರೋಗಕ್ಕೆ ಹರಡಲು ದಾರಿ ಸಿಗೋದಿಲ್ಲ. ಇದು ಆಗದ ಹೋಗದ ಮಾತಲ್ಲ. ಪಕ್ಕದ ಗೋವಾದಲ್ಲಿ ಬಲೆ ಹಿಡಿದು ಬೀದಿ ಬೀದಿ ಸುತ್ತಿ ನಾಯಿಗಳಿಗೆ ಲಸಿಕೆ ಹಾಕಿದರು. ಯಾವ ನಾಯಿಯನ್ನೂ ಕೊಲ್ಲಲಿಲ್ಲ. 2018 ಮತ್ತು 2019ರಲ್ಲಿ ಅಲ್ಲಿ ರೇಬೀಸಿನಿಂದ ಒಬ್ಬರೂ ಸಾಯಲಿಲ್ಲ. ಬೆಂಗಳೂರಿನಲ್ಲಿ 2023ರ ಗಣತಿ ಪ್ರಕಾರ ಬೀದಿ ನಾಯಿಗಳು ಸುಮಾರು 2.79 ಲಕ್ಷ. ಅದರಲ್ಲಿ 70 ಪಾಲು ಅಂದ್ರೆ ಸುಮಾರು 1.95 ಲಕ್ಷ. ಪಾಶ್ಚರನನ್ನು ಸೋಲಿಸಿದ ಲೆಕ್ಕಕ್ಕಿಂತ ಇದು ಬಹಳ ಚಿಕ್ಕದು. ಮೊಲ ಬೇಡ, ಹಲವು ಸಲ ಚುಚ್ಚೋದೂ ಬೇಡ. ನಾಯಿಗೆ ವರ್ಷಕ್ಕೊಂದು ಇಂಜೆಕ್ಷನ್.

ಬೀದಿಯ ನಾಯಿಗೆ ಪಾಲಿಕೆಯವರು ಬರಬೇಕು, ನಿಜ. ಮನೆಯ ನಾಯಿಗೆ ಬರಬೇಕಾದವರು ನಾವೇ ತಾನೇ. ಪಾಲಿಕೆಯ ನಾಯಿ ಹಿಡಿಯುವ ಗಾಡಿ ಬರೋದಿಲ್ಲ ಅಂತ ಬೈಯುವ ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ನಾನೂ ಬೈದಿದ್ದೆ. ಆಗ ನನ್ನ ಬೋಂಡನ ದಿನಾಂಕ ದಾಟಿ ಮೂರು ತಿಂಗಳಾಗಿತ್ತು.

ಹತ್ತು ದಿನ ಕಳೆಯಿತು. ಬೋಂಡ ಹೊಟ್ಟೆ ತುಂಬ ತಿಂದ, ನೀರು ಕುಡಿದ, ನನ್ನ ಇನ್ನೊಂದು ಚಪ್ಪಲಿಯನ್ನೂ ಕಚ್ಚಿ ಹಾಳು ಮಾಡಿದ. ಅವನು ನೀರಿನ ಬಟ್ಟಲಿಗೆ ಬಾಯಿ ಹಾಕಿದಾಗಲೆಲ್ಲ ನಾನು ನೆಮ್ಮದಿಯ ಉಸಿರು ಬಿಡುತ್ತಿದ್ದೆ. ಅಷ್ಟರಲ್ಲಿ ಆ ಹುಡುಗಿಗೆ ಮೂರು ಇಂಜೆಕ್ಷನ್ ಆಗಿಹೋಗಿತ್ತು. ಮೂರಕ್ಕೂ ನಾನು ಜೊತೆಗೆ ಹೋಗಿದ್ದೆ. ಮೂರನೆಯದಕ್ಕೆ ಅವಳು ಅಳಲಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನನ್ನ ಬೆರಳು ಹಿಡ್ಕೊಂಡಿದ್ದಳು.

ಹನ್ನೊಂದನೇ ದಿನ ಬೋಂಡನನ್ನು ಕ್ಲಿನಿಕ್ಕಿಗೆ ಕರ್ಕೊಂಡು ಹೊರಟಾಗ ತಾನೂ ಬರ್ತೀನಿ ಅಂದಳು. ಡಾಕ್ಟರು ಬೋಂಡನ ಬೆನ್ನ ಮೇಲಿನ ಚರ್ಮ ಎತ್ತಿ ಹಿಡಿದು ಚುಚ್ಚಿದರು. ಅವನಿಗೆ ಗೊತ್ತೇ ಆಗಲಿಲ್ಲ, ಬಿಸ್ಕತ್ತು ನೆಕ್ಕುತ್ತಾ ನಿಂತಿದ್ದ. ಹುಡುಗಿ ಬೆರಗಾಗಿ ನೋಡಿದಳು.

"ಆಂಟಿ, ಅವನಿಗೆ ಒಂದೇನಾ?"

"ಒಂದೇ ಪುಟ್ಟಿ."

"ಮತ್ತೆ ನಂಗ್ಯಾಕೆ ಮೂರು?"

ಉತ್ತರ ನನಗೆ ಗೊತ್ತಿತ್ತು. ಮುಂದಿನ ವರ್ಷದ ದಿನಾಂಕವನ್ನು ಅಲ್ಲೇ ನಿಂತು ಫೋನಿನ ಕ್ಯಾಲೆಂಡರಿಗೆ ಹಾಕಿದೆ.