ಮುಷ್ಟಿಗೂ ಒಂದು ಮರ್ಯಾದೆ

ಗುದ್ದುವುದನ್ನು ಯಾರಾದರೂ ಹೇಳಿಕೊಡಬೇಕೆ? ಹಸುಗೂಸು ಕೂಡ ಮುಷ್ಟಿ ಬಿಗಿದುಕೊಂಡೇ ಹುಟ್ಟುತ್ತದೆ. ಕೋಪ ಬಂದವನ ಕೈ ತಾನಾಗಿಯೇ ಮಡಿಸಿಕೊಳ್ಳುತ್ತದೆ. ಆದರೂ ಮನುಷ್ಯ ಈ ಕೆಲಸವನ್ನು ಗುರುವಿನ ಮುಂದೆ ನಿಂತು, ವರ್ಷಗಟ್ಟಲೆ ಬೆವರು ಸುರಿಸಿ ಕಲಿಯುತ್ತ ಬಂದಿದ್ದಾನೆ. ಅದೇಕೆ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉತ್ತರವಿದೆಯೆಂದು ನನ್ನ ನಂಬಿಕೆ.

ತುಮಕೂರಿನಲ್ಲಿ ಈಗ ಸಂಜೆಯ ಹೊತ್ತು ಬಿಳಿಯ ಉಡುಪು ತೊಟ್ಟ ಮಕ್ಕಳು ಜಪಾನೀ ಭಾಷೆಯಲ್ಲಿ ಎಣಿಸುತ್ತ ಗಾಳಿಗೆ ಗುದ್ದುವುದನ್ನು ಕಾಣಬಹುದು. ನಮ್ಮ ಬೀದಿಯ ಹುಡುಗಿಯೊಬ್ಬಳು ಹೀಗೆ ಕರಾಟೆ ಕಲಿಯುತ್ತಾಳೆ. ಮೊದಲ ಪಾಠವನ್ನು ಅವಳು ನನಗೆ ಒಪ್ಪಿಸಿದ್ದು ಹೀಗೆ: ನಾಲ್ಕು ಬೆರಳುಗಳನ್ನು ತುದಿಯಿಂದ ಸುರುಳಿಯಾಗಿ ಮಡಿಸಬೇಕು, ಹೆಬ್ಬೆರಳು ಹೊರಗಿನಿಂದ ಅವನ್ನು ಒತ್ತಿ ಹಿಡಿಯಬೇಕು, ಮಣಿಕಟ್ಟು ಬಾಗಕೂಡದು, ತಾಗಬೇಕಾದದ್ದು ತೋರುಬೆರಳು, ನಡುಬೆರಳುಗಳ ಬುಡದ ಗೆಣ್ಣುಗಳು ಮಾತ್ರ. ಒಂದು ಕೈ ಮುಂದೆ ಹೋಗುವಾಗ ಇನ್ನೊಂದು ಸೊಂಟದ ಬಳಿಗೆ ಹಿಂದಿರುಗಬೇಕು. ಬಲ ತೋಳಿನದಲ್ಲ, ನೆಲಕ್ಕೆ ಊರಿದ ಪಾದದಿಂದ ಹೊರಟು, ಸೊಂಟ ತಿರುಗಿದಾಗ ಭುಜಕ್ಕೆ ಏರಿ ಬರುವಂಥದು. ಪಾಠ ಒಪ್ಪಿಸಿ ಅವಳು ಕೇಳಿದಳು: “ತಾತ, ನಮ್ಮ ಕಡೆ ಇಂಥದ್ದೇನೂ ಇರಲಿಲ್ವಾ?”

ಇತ್ತು, ಈಗಲೂ ಪೂರ್ತಿ ಅಳಿದಿಲ್ಲ. ಕರಾಟೆ ಒಕಿನಾವಾ ದ್ವೀಪದ ವಿದ್ಯೆ. 1922ರಲ್ಲಿ ಫುನಾಕೋಶಿ ಎಂಬ ಗುರು ಅದನ್ನು ಟೋಕಿಯೋದಲ್ಲಿ ಪ್ರದರ್ಶಿಸಿದ ಮೇಲೆ ಜಪಾನಿನಲ್ಲೆಲ್ಲ ಹರಡಿತು. ನಮ್ಮಲ್ಲಿ ಮಲ್ಲವಿದ್ಯೆಗೆ ಬರಹದ ಆಧಾರವೇ ಸುಮಾರು ಒಂಬೈನೂರು ವರ್ಷ ಹಿಂದಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮಲ್ಲರ ದರ್ಜೆಗಳು. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬ ಹತ್ತುವುದು ಎಂದು ದಿನದಿನದ ಸಾಧನೆಗಳು. ಊಟದ ವಿಧಿ ಕೂಡ ಉಂಟು. ನಮ್ಮ ‘ಜೆಟ್ಟಿ’ ಎಂಬ ಮಾತಿನ ಮೂಲ ಈ ‘ಜ್ಯೇಷ್ಠಿ’ಯೇ. ಮೈಸೂರಿನ ಜೆಟ್ಟಿಗಳು ಪೂಜಿಸುವ ನಿಂಬುಜಾದೇವಿ ಗುಜರಾತಿನ ಜ್ಯೇಷ್ಠಿಮಲ್ಲರಿಗೂ ಕುಲದೇವತೆ ಎಂಬುದನ್ನು ನೆನೆದರೆ, ಈ ವಿದ್ಯೆ ಎಷ್ಟು ದೂರದ ನಂಟನ್ನು ಹೊತ್ತು ಬಂದಿದೆಯೆಂದು ತಿಳಿಯುತ್ತದೆ.

ಬರಿಯ ಪಟ್ಟು ಹಾಕಿ ಚಿತ್ತು ಮಾಡುವ ಕುಸ್ತಿಯಲ್ಲ ಇದು, ಗುದ್ದಿನ ಕಾಳಗ. 16ನೆಯ ಶತಮಾನದಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯಸ್, ಹಲ್ಲು ಮುರಿದು ಮುಖ ವಿಕಾರವಾಗುವಂಥ ಏಟುಗಳನ್ನು ಬಣ್ಣಿಸಿದ್ದಾನೆ. ಅವನ ನಂತರ ಬಂದ ನೂನಿಜ್, ಮಲ್ಲರು ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದರೆಂದು ಬರೆದಿದ್ದಾನೆ. ವಿಜಯನಗರ ಅಳಿದರೂ ಅದರ ನವರಾತ್ರಿ ಅಳಿಯಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಮುಂದುವರಿಸಿದರು. ಅದೇ ಮೈಸೂರಿನ ದಸರೆಯಾಯಿತು.

ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ. ಮೈಸೂರು, ಚಾಮರಾಜನಗರ, ಬೆಂಗಳೂರುಗಳಿಂದಲೂ, ನಮ್ಮ ಕುಣಿಗಲ್ ಸೀಮೆಗೆ ಅಷ್ಟೇನೂ ದೂರವಲ್ಲದ ಚನ್ನಪಟ್ಟಣದಿಂದಲೂ ಜೆಟ್ಟಿಗಳು ಬರುತ್ತಾರೆ. ತಲೆ ಬೋಳಿಸಿ, ಕಾಸೆ ಕಟ್ಟಿ, ಬಲಗೈಯ ಮುಷ್ಟಿಯಲ್ಲಿ ಚೂಪು ಹಲ್ಲುಗಳ ಆಯುಧ ಹಿಡಿದು ಎದುರುಬದುರು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಅಲ್ಲಿಗೇ ಮುಗಿಯಿತು. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಕುಣಿಗಲಿನಲ್ಲಿದ್ದ ನನ್ನ ಸೋದರಮಾವ ಇದನ್ನು ನೋಡಿಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಏಟು ಬೀಳೋದನ್ನ ಎಲ್ಲರೂ ನೋಡ್ತಾರೆ ಕಣಯ್ಯ; ಎತ್ತಿದ ಕೈ ನಿಲ್ಲೋದನ್ನ ನೋಡಬೇಕು.”

ಈ ನಿಲ್ಲುವ ಮಾತು ಸಣ್ಣದಲ್ಲ. ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದಲ್ಲಿ ಇದೇ ಜೆಟ್ಟಿಗಳಿಂದ ಕತ್ತು ತಿರುಚಿಸಿ ಮರಣದಂಡನೆ ಜಾರಿಮಾಡಿಸುತ್ತಿದ್ದರೆಂದು ಚರಿತ್ರೆ ಹೇಳುತ್ತದೆ. ಪಳಗಿದ ಕೈ ಅಧಿಕಾರದ ಅಪ್ಪಣೆಗೆ ಸಿಕ್ಕರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇನ್ನೊಂದು ಮುಖವೂ ಇದೆ. ದಕ್ಷಿಣದ ಜಾತಿಗಳನ್ನು ಕುರಿತು 1909ರಲ್ಲಿ ಸಂಪುಟಗಳನ್ನು ಪ್ರಕಟಿಸಿದ ಥರ್ಸ್ಟನ್, ಜೆಟ್ಟಿಗಳು ಮೈ ನೀವಿ, ಲೇಪ ತಿಕ್ಕಿ ನರಗಳ ನೋವು ವಾಸಿಮಾಡುತ್ತಿದ್ದರೆಂದು ದಾಖಲಿಸಿದ್ದಾನೆ. ಕೊಲ್ಲಬಲ್ಲ ಬೆರಳು ಗುಣಪಡಿಸಲೂ ಬಲ್ಲದು. ವಿದ್ಯೆ ಒಂದೇ, ಅದನ್ನು ನಡೆಸುವ ಕಟ್ಟಳೆ ಬೇರೆ.

ನಾನು ಹುಡುಗನಾಗಿದ್ದಾಗ ಗುಬ್ಬಿಯಲ್ಲಿ ಕಂಡ ಗರಡಿಮನೆಯಲ್ಲಿ ವಜ್ರಮುಷ್ಟಿಯಿರಲಿಲ್ಲ; ಆಂಜನೇಯನ ಪಟ, ಕೆಂಪು ಮಣ್ಣು, ಕಲ್ಲುಗುಂಡು, ಗದೆ ಇಷ್ಟೇ. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಹೊಸ ಹುಡುಗರಿಗೆ ತಿಂಗಳುಗಟ್ಟಲೆ ಮಣ್ಣು ಹದಮಾಡುವುದು, ದಂಡ, ಬಸ್ಕಿ. ಬೀದಿಯಲ್ಲಿ ಕೈಮಾಡಿದವನಿಗೆ ಮರುದಿನ ಒಳಗೆ ಪ್ರವೇಶವಿಲ್ಲ. ಊರಿನವರು ಕೈಕಾಲು ಉಳುಕಿದರೆ ಬರುತ್ತಿದ್ದುದೂ ಅಲ್ಲಿಗೇ. ಸಗಣಿಯವನ ಸ್ನೇಹಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು ಎಂಬ ನಮ್ಮ ಗಾದೆಯ ಅರ್ಥ ನನಗೆ ಹೊಳೆದದ್ದು ಆ ಮಣ್ಣಿನ ವಾಸನೆಯಲ್ಲಿ. ಗುದ್ದಾಟಕ್ಕೂ ಯೋಗ್ಯತೆ ಬೇಕು.

ಇಂಗ್ಲೆಂಡಿನಲ್ಲಿ ಬರಿಗೈ ಹೊಡೆದಾಟ ಕ್ರೀಡೆಯಾದದ್ದೂ ಕಟ್ಟಳೆಯಿಂದಲೇ. 1867ರ ಕ್ವೀನ್ಸ್‌ಬರಿ ನಿಯಮಗಳು ಕೈಗವಸು, ಮೂರು ನಿಮಿಷದ ಸುತ್ತು, ಬಿದ್ದವನು ಏಳಲು ಹತ್ತು ಸೆಕೆಂಡಿನ ಅವಕಾಶ ಇವನ್ನು ವಿಧಿಸಿದವು. ಕರಾಟೆಯಲ್ಲಿಯೂ ಜೊತೆಗಾರನ ಮೈಗೆ ತಾಗುವ ಮೊದಲೇ ಮುಷ್ಟಿಯನ್ನು ತಡೆದು ನಿಲ್ಲಿಸುವ ಅಭ್ಯಾಸವುಂಟು.

ಗುಬ್ಬಿಯ ಆ ಗರಡಿಗೆ ಬೀಗ ಬಿದ್ದು ಬಹುಕಾಲವಾಯಿತು. ವ್ಯಸನವಾಗುವುದು ನಿಜ, ಆದರೆ ಅದರ ಗಿಡ್ಡ ಬಾಗಿಲು ಹೆಣ್ಣುಮಕ್ಕಳಿಗೆ ಎಂದೂ ತೆರೆಯಲಿಲ್ಲವೆಂಬುದನ್ನು ಮರೆತು ಕೊರಗುವುದು ನ್ಯಾಯವಲ್ಲ. ಇಂದು ಅವರೂ ಮುಷ್ಟಿ ಕಟ್ಟುವುದನ್ನು ಕಲಿಯುತ್ತಿದ್ದಾರೆ. ಎಣಿಕೆ ಜಪಾನೀಯದಾದರೇನು, ಕನ್ನಡದ್ದಾದರೇನು? ನಮ್ಮ ಹಿರಿಯರು ‘ಮರ್ಯಾದೆ’ ಎಂಬ ಮಾತಿಗೆ ಗೌರವವೆಂದೂ ಎಲ್ಲೆಯೆಂದೂ ಎರಡರ್ಥ ಇಟ್ಟಿದ್ದರು. ಮುಷ್ಟಿಯ ವಿಷಯದಲ್ಲಿ ಆ ಎರಡೂ ಒಂದೇ. ಹೊಡೆಯಲು ಕೋಪ ಸಾಕು. ಗುರು ಬೇಕಾಗುವುದು ನಿಲ್ಲಿಸುವುದಕ್ಕೆ.